ನನ್ನ ಕತ್ತರಿ ಪಾಂಡಿತ್ಯ

ನಮ್ಮ ಮನೆಯಲ್ಲಿ ಐದು ಕತ್ತರಿಗಳಿವೆ. ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ನಿಮ್ಮ ಮನೆಯ ಕಥೆಯೂ ಹೀಗೇ ಇದ್ದೀತು. ಐದರಲ್ಲಿ ನಾಲ್ಕು ನನ್ನ ಹೆಂಡತಿ ಸುಧಾಳವು. ಬಟ್ಟೆಗೊಂದು, ಕೊತ್ತಂಬರಿಗೊಂದು, ಉಡುಗೊರೆ ಕಾಗದಕ್ಕೊಂದು, ಇನ್ನೊಂದು ಯಾತಕ್ಕೆಂದು ಅವಳಿಗೂ ಗೊತ್ತಿಲ್ಲ. ಐದನೆಯದು ಮಾತ್ರ ನನ್ನದು. ಹಿಡಿಯ ಕಪ್ಪು ಬಣ್ಣ ಹೋಗಿ ಕಬ್ಬಿಣ ಕಾಣುವ, ಮೈಸೂರಿನಿಂದ ನನ್ನ ಜೊತೆ ಬಂದ ಕತ್ತರಿ. ಈ ಬೇಸಿಗೆಯಲ್ಲಿ ಕೆಲಸ ಬದಲಾಗಿ ಹ್ಯೂಸ್ಟನ್ನಿನ ಒಂದು ಅಂಚಿನ ಕ್ಲಿಯರ್ ಲೇಕ್‌ನಿಂದ ಇನ್ನೊಂದು ಅಂಚಿನ ಫುಲ್‌ಶೀರ್‌ಗೆ ಮನೆ ಶಿಫ್ಟ್ ಮಾಡುವಾಗ ಅದು ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಅದರ ಕೆಳಗೆ ಹಳೆಯ ಪೇಪರ್ ಕಟಿಂಗುಗಳ ಫೈಲು. ಕತ್ತರಿಯನ್ನು ಎತ್ತಿಕೊಂಡು ಫೈಲನ್ನು ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹಳೆಯ ಕಾಗದ ಕಂಡರೆ ಸಾಮಾನು ಕಟ್ಟುವುದನ್ನು ಮರೆತು ನೆಲದ ಮೇಲೆ ಕೂರುವ ಜಾತಿಗೆ ಸೇರಿದವನು ನಾನು.

ಈ ಚಟ ಬಂದದ್ದು ಅಪ್ಪನಿಂದ. ಅವರು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಮನೆಯವರೆಲ್ಲ ಓದಿ ಮುಗಿಸಿದರು ಎಂದುಕೊಂಡು, ಸಂಜೆ ಕಾಫಿ ಕುಡಿದು, ಪೇಪರನ್ನು ಚಾಪೆಯ ಮೇಲೆ ಹರಡಿ ಇದೇ ಕತ್ತರಿಯಿಂದ ಕತ್ತರಿಸಲು ಕೂರುತ್ತಿದ್ದರು. ಕತ್ತರಿಸಿದ್ದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಟಿಪ್ಪಣಿ. ‘ಎಂಟನೇ ಕ್ಲಾಸಿಗೆ’, ‘ಪರೀಕ್ಷೆಗೆ ಬರಬಹುದು’, ‘ಇನ್ನೊಮ್ಮೆ ನೋಡುವುದು’. ಕೆಲವು ಸುದ್ದಿಗಳ ಮೇಲೆ ಒಂದೇ ಪದ: ‘ಸುಳ್ಳು’. ಸುಳ್ಳಾದರೆ ಎಸೆಯಬಾರದೇ, ಯಾಕೆ ಅಂಟಿಸಿ ಇಟ್ಟುಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಸುಳ್ಳು ಎಂದು ಬರೆದಿಡದಿದ್ದರೆ ನಾಳೆ ನಾನೇ ಅದನ್ನು ನಿಜ ಅಂದುಕೊಳ್ಳುತ್ತೇನೆ ಎಂದರು. ಆಗ ನನಗೆ ಅದು ಅರ್ಥವಾಗಲಿಲ್ಲ. ಮೇಷ್ಟ್ರ ಮಾತು, ಅರ್ಥವಾಗದಿರುವುದೇ ಅದರ ಲಕ್ಷಣ ಎಂದುಕೊಂಡೆ.

ಅಮ್ಮನಿಗೆ ಈ ಕತ್ತರಿ ಕಂಡರೆ ಆಗುತ್ತಿರಲಿಲ್ಲ. ತೂತು ಬಿದ್ದ ಪೇಪರ್ ಡಬ್ಬಗಳ ಕೆಳಗೆ ಹಾಸಲೂ ಬರುವುದಿಲ್ಲ, ಹಳೇ ಪೇಪರಿನವನೂ ಮೂಗು ಮುರಿಯುತ್ತಾನೆ ಎನ್ನುವುದು ಒಂದು ದೂರು. ಅದಕ್ಕಿಂತ ದೊಡ್ಡ ದೂರು, ಅಪ್ಪ ಕತ್ತರಿಸಿದ ಮಳೆಮಾರುತದ ಸುದ್ದಿಯ ಹಿಂಬದಿಯಲ್ಲಿ ಅವಳ ಧಾರಾವಾಹಿಯ ಅರ್ಧ ಕಂತು ಹೋಗಿಬಿಡುತ್ತಿತ್ತು. ಕಥಾನಾಯಕಿ ಬಾಗಿಲು ತೆಗೆದಳು, ಅಲ್ಲಿ ಯಾರು ನಿಂತಿದ್ದರು ಎಂದು ತಿಳಿಯಲು ಅಮ್ಮ ಪಕ್ಕದ ಮನೆಗೆ ಹೋಗಬೇಕಾಗುತ್ತಿತ್ತು. ನನಗೆ ಮಾತ್ರ ಆ ತೂತುಗಳು ಇಷ್ಟ. ಪೇಪರನ್ನು ಮುಖದ ಮುಂದೆ ಹಿಡಿದು ತೂತಿನಲ್ಲಿ ಅಡುಗೆಮನೆಯನ್ನು ನೋಡುತ್ತಿದ್ದೆ. ತೂತಿನಷ್ಟೇ ಅಗಲದ ಪ್ರಪಂಚ, ಉಳಿದದ್ದಕ್ಕೆ ನಾನು ಜವಾಬ್ದಾರನಲ್ಲ.

ತೊಂಬತ್ತಾರರಲ್ಲಿ ಕ್ಲಿಯರ್ ಲೇಕ್‌ಗೆ ಬಂದಾಗ ಅಲ್ಲಿ ಕೆಲವೇ ಕನ್ನಡ ಕುಟುಂಬಗಳು. ಬಹುಪಾಲು ನನ್ನಂತೆ ಬಾಹ್ಯಾಕಾಶ ಕೇಂದ್ರದ ಸುತ್ತಲಿನ ಕಂಪನಿಗಳಲ್ಲಿ ಎಂಜಿನಿಯರುಗಳು. ರಾಕೆಟ್ಟಿನ ವಿಷಯ ಯಾರೂ ಮಾತಾಡುತ್ತಿರಲಿಲ್ಲ. ಮಾತೆಲ್ಲ ವೀಸಾದ್ದು. ಹೊಸಬರು ಬಂದರೆ ಗೋತ್ರ ಕೇಳುತ್ತಿರಲಿಲ್ಲ, ಯಾವ ವೀಸಾ ಎನ್ನುತ್ತಿದ್ದರು. ಗ್ರೀನ್ ಕಾರ್ಡಿನ ಸರದಿಯಲ್ಲಿ ನಮ್ಮ ಜಾಗ ಗೊತ್ತುಮಾಡುವ ತಾರೀಖು ಎಲ್ಲರಿಗೂ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಪೇಪರನ್ನು ಪೂರ್ತಿ ಓದುವ ಸೋಮಾರಿತನ ಇದ್ದವನು ನಾನೊಬ್ಬನೇ ಆದ್ದರಿಂದ ಇಮಿಗ್ರೇಷನ್ ಪಂಡಿತ ನಾನಾದೆ. ನಮ್ಮ ಕುಟುಂಬಗಳೆಲ್ಲ ಸೇರುವ ತಿಂಗಳ ಕೂಟದಲ್ಲಿ ಸಭಾಂಗಣದ ಬಾಗಿಲ ಪಕ್ಕ ಒಂದು ಬೋರ್ಡು. ಅದಕ್ಕೆ ಆ ತಿಂಗಳ ಕಟಿಂಗುಗಳನ್ನು ಪಿನ್ ಚುಚ್ಚಿ ಹಾಕುವುದು ನನ್ನ ಅಧಿಕಾರ. ಆಸ್ಟಿನ್‌ನಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರು ಫೋನ್ ಮಾಡಿ, ಅಂಕಲ್, ಓದು ಮುಗಿದ ಮೇಲೆ ಎಷ್ಟು ದಿನ ಇರಬಹುದು ಎಂದು ಕೇಳುತ್ತಿದ್ದರು. ಮೂವತ್ತೈದಕ್ಕೇ ಅಂಕಲ್ ಆದ ದುಃಖವನ್ನು ಆ ಗೌರವ ಮರೆಸುತ್ತಿತ್ತು.

ಗಿರಿಜಕ್ಕ ನಮ್ಮ ಮನೆಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ, ನಮ್ಮ ಮಗಳು ಅನಘಾ ಹುಟ್ಟಿದಾಗ. ಹುಬ್ಬಳ್ಳಿಯವರು, ಗಂಡ ತೀರಿಕೊಂಡಿದ್ದರು. ಅದರ ಹಿಂದಿನ ವರ್ಷ ದೂರದ ನೆಂಟರೊಬ್ಬರ ಹೆಂಡತಿಯ ಬಾಣಂತನಕ್ಕೆಂದು ಹ್ಯೂಸ್ಟನ್‌ಗೆ ಬಂದಿದ್ದರು. ಮೂರನೇ ಕ್ಲಾಸಿನಲ್ಲಿದ್ದ ಮಗಳು ಸವಿತಾಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದವರು. ವಿಸಿಟರ್ ವೀಸಾ, ಆರು ತಿಂಗಳು. ಆದರೆ ಈ ಊರಿನಲ್ಲಿ ಹೆರಿಗೆಯಾದ ಎರಡನೇ ದಿನ ತಾಯಿ ಮಗುವನ್ನು ಮನೆಗೆ ಕಳಿಸಿಬಿಡುತ್ತಾರೆ. ಎಣ್ಣೆ ಹಚ್ಚಿ ನೀರು ಹಾಕುವವರು, ಸಾಂಬ್ರಾಣಿ ಹೊಗೆ ಹಿಡಿಯುವವರು, ಬಾಣಂತಿಗೆ ಬಿಸಿ ಅನ್ನ ಮೆಣಸಿನ ಸಾರು ಕೊಡುವವರು ಯಾರು? ಗಿರಿಜಕ್ಕನ ಕೈಗುಣದ ಸುದ್ದಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು. ನಮ್ಮದಾದ ಮೇಲೆ ನಮ್ಮ ಬೀದಿಯವರದು, ಆಮೇಲೆ ಶುಗರ್ ಲ್ಯಾಂಡಿನವರದು. ಆರು ತಿಂಗಳು ಯಾವಾಗ ಮುಗಿಯಿತು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಬೇರೆಯವರಿರಲಿ, ಊರಿನವರ ತಾರೀಖುಗಳೆಲ್ಲ ಬಾಯಿಗೆ ಬರುತ್ತಿದ್ದ ಪಂಡಿತನೂ ಹಾಕಲಿಲ್ಲ. ಮಗು ರಾತ್ರಿಯಿಡೀ ಅಳದೆ ಮಲಗುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಆಮೇಲೆ ಅವರು ಹ್ಯೂಸ್ಟನ್ನಿನ ಒಂದು ಮಿಠಾಯಿ ಅಂಗಡಿಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ರಜೆಯ ದಿನ ಯಾರಾದರೂ ಕರೆತಂದರೆ ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಸುಮ್ಮನೆ ಕೂರುವವರಲ್ಲ, ರೊಟ್ಟಿ ತಟ್ಟುತ್ತಿದ್ದರು. ಸುಧಾಳನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುವರು, ನನ್ನನ್ನು ಅಣ್ಣಾರ ಎನ್ನುವರು. ನನಗಿಂತ ಎಂಟು ವರ್ಷ ದೊಡ್ಡವರು ಅಣ್ಣಾರ ಎಂದಾಗ ನನಗೆ ಮುಜುಗರ. ಹುಬ್ಬಳ್ಳಿ ಕಡೆ ಗೌರವಕ್ಕೆ ಹಾಗೆನ್ನುತ್ತಾರೆ ಎಂದು ಸುಧಾ ಸಮಾಧಾನ ಹೇಳಿದಳು. ಊಟವಾದ ಮೇಲೆ ಕಾಲಿಂಗ್ ಕಾರ್ಡನ್ನು ಉಗುರಿನಿಂದ ಕೆರೆದು ಸವಿತಾಗೆ ಫೋನ್ ಮಾಡುವರು. ಆ ಕಡೆಯಿಂದ ಮಗು ಏನೂ ಮಾತಾಡದಿದ್ದರೆ, ‘ಬರ್ತೀನವ್ವಾ, ಕಾಗದಾ ಪತ್ರಾ ಆದಕೂಡ್ಲೆ ನಿನ್ನೂ ಕರಕೊಂಡು ಬರ್ತೀನಿ’ ಎಂದು ಇವರೇ ಮಾತಾಡುವರು. ಅದೊಂದೇ ಅವರ ಆಸೆ. ಊರಿಗೆ ಹೋಗಿಬರುವ ಹಾಗಿರಲಿಲ್ಲ, ಹೋದರೆ ಮರಳಿ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೊರಡುವ ಮುಂಚೆ ನನ್ನನ್ನು ತಪ್ಪದೆ ಒಂದು ಮಾತು ಕೇಳುವರು: ‘ಅಣ್ಣಾರ, ಪೇಪರ್ನ್ಯಾಗ ಹೊಸಾದು ಏನರ ಬಂದೈತೇನ್ರಿ?’ ನಾನು, ಏನಿಲ್ಲ ಗಿರಿಜಕ್ಕ, ಅದೇ ಹಳೇ ರಾಗ ಎನ್ನುತ್ತಿದ್ದೆ. ಹವಾಮಾನ ಕೇಳುವ ಹಾಗೆ ಕೇಳುತ್ತಾರೆ ಅಂದುಕೊಂಡಿದ್ದೆ.

ಎರಡು ಸಾವಿರದ ಒಂದರ ಯುಗಾದಿ ಕೂಟದ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಊಟದ ಮೇಜಿನ ಮೇಲೆ ಕಟಿಂಗುಗಳನ್ನು ಎರಡು ಗುಡ್ಡೆ ಮಾಡುತ್ತಿದ್ದೆ. ಒಂದು ಬೋರ್ಡಿಗೆ ಹೋಗುವುದು, ಇನ್ನೊಂದು ಫೈಲಿಗೆ. ಒಂದು ಸುದ್ದಿ ಬಂದಿತ್ತು. ವೀಸಾ ಮುಗಿದ ಮೇಲೂ ಇಲ್ಲೇ ಉಳಿದವರಿಗೆ ಸರ್ಕಾರ ಸ್ವಲ್ಪ ಕಾಲ ಒಂದು ಬಾಗಿಲು ತೆರೆದಿದೆ. ಏಪ್ರಿಲ್ ಮೂವತ್ತರೊಳಗೆ ಮನೆಯವರೋ ಕೆಲಸ ಕೊಟ್ಟವರೋ ಅವರ ಪರವಾಗಿ ಅರ್ಜಿ ಹಾಕಿದರೆ, ಮುಂದೆ ಸರದಿ ಬಂದಾಗ ದಂಡ ಕಟ್ಟಿ, ದೇಶ ಬಿಡದೆಯೇ ಗ್ರೀನ್ ಕಾರ್ಡ್ ಪಡೆಯಬಹುದು ಎಂದು. ಫೋಟೋದಲ್ಲಿ ಒಂದು ಕಚೇರಿಯ ಮುಂದೆ ಮೆಕ್ಸಿಕೋದ ಕಡೆಯವರ ಉದ್ದ ಸಾಲು. ನಾನು ಫೋಟೋ ನೋಡಿದೆ, ಕೆಂಪು ಪೆನ್ನು ತೆಗೆದೆ, ಅಪ್ಪನ ಗತ್ತಿನಲ್ಲಿ ಅಂಚಿನ ಮೇಲೆ ‘ನಮ್ಮವರಿಗಲ್ಲ’ ಎಂದು ಬರೆದು ಫೈಲಿನ ಗುಡ್ಡೆಗೆ ಹಾಕಿದೆ. ನಮ್ಮವರೆಲ್ಲ ಎಂಜಿನಿಯರುಗಳು, ಕಾಗದಪತ್ರ ಸರಿಯಿರುವವರು. ಇದನ್ನು ಬೋರ್ಡಿಗೆ ಹಾಕಿದರೆ ಯಾರಾದರೂ ಮುಖ ಸಿಂಡರಿಸಬಹುದು ಎಂಬ ಯೋಚನೆಯೂ ಇತ್ತು ಅನ್ನಿಸುತ್ತದೆ. ಈಗ ಹೇಳುವಾಗ ಎಲ್ಲವನ್ನೂ ಹೇಳಿಬಿಡಬೇಕು.

ಅಷ್ಟರಲ್ಲಿ ಗಿರಿಜಕ್ಕ ಕೂಟಕ್ಕೆ ರೊಟ್ಟಿ ಮಾಡಲು ಬಂದರು. ನಾನು ಸ್ನಾನಕ್ಕೆ ಎದ್ದು ಹೋದೆ. ವಾಪಸು ಬಂದಾಗ ಮೇಜಿನ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಕಾಗದಗಳನ್ನು ಮುಟ್ಟದೆ ಅವುಗಳ ಸುತ್ತ ಮಾತ್ರ ಒರೆಸಿದ್ದರು. ಆ ದಿನ ಅವರು ಪೇಪರಿನಲ್ಲಿ ಏನು ಬಂದಿದೆ ಎಂದು ಕೇಳಲಿಲ್ಲ. ಹಬ್ಬದ ಗಡಿಬಿಡಿ ಎಂದುಕೊಂಡೆ, ಅಥವಾ ಏನೂ ಅಂದುಕೊಳ್ಳಲೇ ಇಲ್ಲ.

ಸಂಜೆ ಕೂಟದಲ್ಲಿ ಬಿಸಿ ಬಿಸಿ ಚರ್ಚೆ. ಡಲ್ಲಾಸ್ ಹತ್ತಿರದ ಮೆಕಿನ್ನಿಯಿಂದ ನನ್ನ ಗೆಳೆಯ ಮೂರ್ತಿ ಬಂದಿದ್ದ. ಗಡಿ ದಾಟಿ ಬರುವವರು, ವೀಸಾ ಮೀರಿ ಉಳಿಯುವವರು, ಇವರಿಗೆಲ್ಲ ಮಾಫಿ ಕೊಡುತ್ತ ಹೋದರೆ ನಮ್ಮಂಥವರ ಗತಿಯೇನು ಎಂದು ಅವನು ಶುರುಮಾಡಿದ. ನಾನು ಅದನ್ನು ಭಾಷಣದ ಎತ್ತರಕ್ಕೆ ಒಯ್ದೆ. ಪ್ರತಿಯೊಂದಕ್ಕೂ ಒಂದು ಕ್ಯೂ ಇರುತ್ತದೆ, ನಾವು ಕ್ಯೂನಲ್ಲಿ ನಿಂತಿದ್ದೇವೆ, ರೇಷನ್ ಅಂಗಡಿಯಿಂದ ಹಿಡಿದು ನಿಂತೇ ಬೆಳೆದವರು ನಾವು, ನಡುವೆ ನುಗ್ಗುವವರನ್ನು ಕಂಡರೆ ನಮಗಾಗುವುದಿಲ್ಲ ಎಂದೆ. ಚಪ್ಪಾಳೆ ಬಿತ್ತು. ಮಾತಿನ ಮಧ್ಯೆ ನಾನು ತಟ್ಟೆ ಮುಂದೆ ಚಾಚಿದ್ದೆ. ಬಡಿಸುತ್ತಿದ್ದ ಗಿರಿಜಕ್ಕ ಎರಡು ಎಣ್ಣೆಗಾಯಿ ಹಾಕಿ ಮುಂದೆ ಹೋದರು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಗೆ ಆ ಸಂಜೆಯಷ್ಟು ನೇರವಾದ ಉದಾಹರಣೆ ಕರ್ನಾಟಕದಲ್ಲೂ ಸಿಕ್ಕಿರಲಿಕ್ಕಿಲ್ಲ.

ಏಪ್ರಿಲ್ ಮೂವತ್ತು ಬಂತು, ಹೋಯಿತು. ಆ ವರ್ಷದ ಸೆಪ್ಟೆಂಬರಿನ ದಾಳಿಯ ನಂತರ ದೇಶದ ಮಾತಿನ ಧಾಟಿಯೇ ಬದಲಾಗಿ, ಅಂಥ ಬಾಗಿಲಿನ ಮಾತನ್ನು ಎತ್ತುವವರೇ ಕಡಿಮೆಯಾದರು.

ನನ್ನ ಬುದ್ಧಿಗೆ ಬೆಳಕು ಬಿದ್ದದ್ದು ಐದು ವರ್ಷ ತಡವಾಗಿ. ಎರಡು ಸಾವಿರದ ಆರರ ವಸಂತದಲ್ಲಿ, ಕಾಗದಪತ್ರವಿಲ್ಲದೆ ಉಳಿದವರಿಗೂ ಹಕ್ಕು ಕೊಡಿ ಎಂದು ಬಿಳಿ ಅಂಗಿ ತೊಟ್ಟ ಜನಸಾಗರ ಡಲ್ಲಾಸಿನ ರಸ್ತೆಗಳಲ್ಲಿ ನಡೆಯಿತಲ್ಲ, ಆ ಭಾನುವಾರ ಸಂಜೆ ಮೂರ್ತಿ ಸಿಟ್ಟಿನಲ್ಲಿ ಫೋನ್ ಮಾಡಿದ. ‘ಇವರಿಗೆ ಯಾರೂ ಚಾನ್ಸೇ ಕೊಟ್ಟಿಲ್ವಂತೆ, ಹೌದೇನಯ್ಯಾ?’ ಎಂದ. ಪಂಡಿತನನ್ನು ಕೆಣಕಿದ ಹಾಗಾಯಿತು. ಯಾಕೆ ಕೊಟ್ಟಿಲ್ಲ, ಎರಡು ಸಾವಿರದ ಒಂದರಲ್ಲಿ ಏಪ್ರಿಲ್ ಮೂವತ್ತರವರೆಗೆ ಟೈಮ್ ಇತ್ತು, ಕೆಲಸ ಕೊಟ್ಟವರಿಂದ ಒಂದು ಸೈನ್ ಹಾಕಿಸಿದ್ದರೆ ಸಾಕಿತ್ತು, ವೀಸಾ ಮೀರಿ ಉಳಿದ ಒಬ್ಬ ಅಡುಗೆಯವಳು ಕೂಡ ಹಾಕಬಹುದಿತ್ತು ಎಂದು ಜೋರಾಗಿ ವಿವರಿಸುತ್ತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ತಲೆಯೆತ್ತಿ ನೋಡಿದೆ. ಗಿರಿಜಕ್ಕ ನನಗೆ ಬೆನ್ನು ಮಾಡಿ ನಿಂತಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟುಬಿಟ್ಟೆ.

ಆ ದಿನವೇ ಹೇಳಬಹುದಿತ್ತು. ಹೇಳಿ ಏನು ಪ್ರಯೋಜನ, ಮುಚ್ಚಿದ ಬಾಗಿಲಿನ ಸುದ್ದಿ ಕೇಳಿ ಅವರಿಗೆ ನೋವಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವರ ನೋವಿಗಿಂತ ನನ್ನ ಮರ್ಯಾದೆಯ ಚಿಂತೆ ಹೆಚ್ಚಾಗಿತ್ತು. ಹೀಗೆ ಎರಡು ವರ್ಷ ನಾನು ಅವರ ಕೈಯ ರೊಟ್ಟಿ ತಿನ್ನುತ್ತ ಬಾಯಿ ಮುಚ್ಚಿಕೊಂಡೇ ಇದ್ದೆ.

ಎರಡು ಸಾವಿರದ ಎಂಟರಲ್ಲಿ ಸವಿತಾಳ ಮದುವೆ ಗೊತ್ತಾಯಿತು. ಮದುವೆಗೆ ಹೋದರೆ ಹತ್ತು ವರ್ಷ ಈ ಕಡೆ ತಲೆ ಹಾಕುವಂತಿಲ್ಲ; ಅಷ್ಟು ವರ್ಷ ಮೀರಿ ಉಳಿದವರಿಗೆ ಕಾನೂನು ಹಾಗಿದೆ. ಗಿರಿಜಕ್ಕ ಎರಡು ಸೂಟ್‌ಕೇಸ್ ತುಂಬಿಕೊಂಡರು. ನಮ್ಮ ಕೂಟದ ಹೆಂಗಸರೆಲ್ಲ ಸೇರಿ ಸೀರೆ ಉಡಿಸಿ, ಮಡಿಲು ತುಂಬಿ ಕಳಿಸಿದರು. ಅವರು ನೀರು ಹಾಕಿ ಬೆಳೆಸಿದ ಮಕ್ಕಳು ಸಾಲಾಗಿ ನಿಂತು ಇಂಗ್ಲಿಷಿನಲ್ಲಿ ಬೈ ಹೇಳಿದರು. ಏರ್‌ಪೋರ್ಟಿಗೆ ಡ್ರೈವ್ ಮಾಡಿದವನು ನಾನೇ. ಒಂದು ಗಂಟೆಯ ದಾರಿಯಲ್ಲಿ ಟ್ರಾಫಿಕ್ಕಿನ ಬಗ್ಗೆ ಎಷ್ಟು ಮಾತಾಡಿದೆನೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ಮದುವೆ ಮುಗಿದು ಒಂದು ತಿಂಗಳಿಗೆ ಅವರ ಫೋನ್ ಬಂತು. ಎಲ್ಲ ಚೆನ್ನಾಗಿ ಆಯಿತಂತೆ. ಸುಧಾಳ ಜೊತೆ ಮಾತಾಡುತ್ತ, ‘ಸವಿತಾ ನನಗ ಅವ್ವ ಅನ್ನೂದಿಲ್ರಿ ವೈನಿ. ನಮ್ಮಕ್ಕಗ ಅಂತಾಳ. ನನ್ನ ಕೂಡ ಮಾತಾಡುಮುಂದ ನೀವು ತಾವು ಅಂತಾಳ’ ಎಂದರಂತೆ. ಸುಧಾ ಫೋನ್ ಇಟ್ಟು ಬಹಳ ಹೊತ್ತು ಅತ್ತಳು. ನಾನು ಗಾರ್ಡನ್ನಿಗೆ ನೀರು ಬಿಡಲು ಹೋದೆ.

ಈಗ ಫುಲ್‌ಶೀರ್ ಮನೆಗೆ ಹೊರಟ ಪೆಟ್ಟಿಗೆಯ ವಿಷಯಕ್ಕೆ ಮರಳಿ ಬರುತ್ತೇನೆ. ಫೈಲಿನ ನಡುವಿನಿಂದ ಆ ಕಟಿಂಗು ಹೊರಗೆ ಬಂತು. ಕಾಗದ ಹಳದಿಯಾಗಿತ್ತು, ಕೆಂಪು ಶಾಯಿ ಮಾಸಿರಲಿಲ್ಲ. ಹತ್ತು ವರ್ಷದ ಅನಘಾ ಪಕ್ಕದಲ್ಲಿ ಕೂತು ಆಟಿಕೆಗಳನ್ನು ತುಂಬುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ‘ವಾಟ್ ಡಸ್ ಇಟ್ ಸೇ, ಅಪ್ಪಾ?’ ಎಂದಳು. ಏನಿಲ್ಲ, ಹಳೇ ನೋಟ್ಸ್ ಎಂದೆ. ಹೇಳಿದ ಕೂಡಲೇ, ಏನಿಲ್ಲ ಎಂಬ ಆ ಮಾತನ್ನು ನಾನು ಎಷ್ಟು ಸಲ, ಯಾರಿಗೆ ಹೇಳಿದ್ದೆನೆಂದು ನೆನಪಾಯಿತು. ಎದ್ದು ಹುಬ್ಬಳ್ಳಿಗೆ ಫೋನ್ ಮಾಡಿದೆ. ಆಗ ಅಲ್ಲಿ ಬೆಳಗಿನ ಹೊತ್ತು.

ಪೀಠಿಕೆ ಹಾಕದೆ ಹೇಳಿದೆ. ಎಂಟು ವರ್ಷದ ಹಿಂದೆ ಹೀಗೊಂದು ಅವಕಾಶ ಇತ್ತು ಗಿರಿಜಕ್ಕ, ನಿಮ್ಮ ಅಂಗಡಿಯ ಯಜಮಾನರು ಅರ್ಜಿ ಹಾಕಿದ್ದರೆ ನಿಮಗೆ ಆಗುತ್ತಿತ್ತು, ತಡವಾಗುತ್ತಿತ್ತು, ಆದರೂ ಆಗುತ್ತಿತ್ತು, ಸವಿತಾಳನ್ನು ಕರೆಸಬಹುದಿತ್ತು, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ ಎಂದೆ. ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

‘ನೀವು ಕೆಂಪು ಶಾಯಿಲೆ ಬರದಿದ್ರಲ್ರಿ, ಆ ಕಾಗದ ಏನ್ರಿ?’ ಎಂದರು.

ಕಟಿಂಗು ನನ್ನ ಕೈಯಲ್ಲೇ ಇತ್ತು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

‘ಲೂಪೆ ಅಂತ ನನ್ನ ಕೂಡ ಅಂಗಡ್ಯಾಗ ಕೆಲಸಾ ಮಾಡ್ತಿದ್ಲಲ್ರಿ, ಮೆಕ್ಸಿಕೋದಾಕಿ. ಆಕಿ ರೇಡಿಯೋದಾಗ ಕೇಳಿದ್ಲು. ತಾರೀಖ ನನ್ನ ಅಂಗೈಮ್ಯಾಲ ಬರಕೊಟ್ಟಿದ್ಲು, ನಿಮ್ಮ ಮಂದ್ಯಾಗ ತಿಳದವ್ರನ್ನ ಕೇಳು ಅಂತ. ಮಾಲಕರೂ ಕಾಗದ ತಂದ್ರ ಸೈನ್ ಹಾಕ್ತೀನಿ ಅಂದಿದ್ರು. ಯುಗಾದಿ ದಿನ ನಿಮ್ಮನ್ನ ಕೇಳಾಕಂತನ ಬಂದಿದ್ದೆ. ಟೇಬಲ್ ಮ್ಯಾಲಿನ ಕಾಗದದಾಗ ಅದ ತಾರೀಖ ಕಂಡ್ತು. ಇಂಗ್ಲೀಷ್ ನನಗೆಲ್ಲಿ ಬರತೈತ್ರಿ? ಬಾಜೂಕ ನೀವು ಕನ್ನಡದಾಗ ಬರದಿದ್ದನ್ನ ಓದಿದೆ. ನಮ್ಮವರಿಗಲ್ಲ ಅಂತಿತ್ತು. ಹೊಳ್ಳಿ ಹೋಗಿ ಲೂಪೆಗ ಹೇಳಿದೆ, ಅದು ನಮ್ಮ ಮಂದಿಗೆ ಅಲ್ಲಂತ ಅಂತ.’

ಮಾಲಕರು ಲೂಪೆಗೆ ಸೈನ್ ಹಾಕಿದರಂತೆ. ಅವಳು ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಈಗ ಕಾಗದಪತ್ರ ಪಡೆದು ಸ್ವಂತ ಅಡುಗೆ ವ್ಯಾಪಾರ ಮಾಡುತ್ತಿದ್ದಾಳಂತೆ. ನಾನು ಚಪ್ಪಾಳೆ ಗಿಟ್ಟಿಸಿದ ಆ ಕ್ಯೂನಲ್ಲಿ ನಿಂತವಳು ಅವಳು. ನಿಲ್ಲಲು ಬಂದ ಇನ್ನೊಬ್ಬರನ್ನು ನನ್ನ ಊಟದ ಮೇಜಿನಿಂದಲೇ ನಾನು ವಾಪಸು ಕಳಿಸಿದ್ದೆ.

ಒಮ್ಮೆ ಬಾಯಿಬಿಟ್ಟು ಕೇಳಬಾರದಿತ್ತೇ ಎಂದೆ. ಕೇಳಿದ ಮೇಲೆ, ಅಲ್ಲೂ ತಪ್ಪನ್ನು ಅವರ ಮೇಲೆ ಹಾಕಲು ನೋಡಿದೆನೆಂದು ತಿಳಿಯಿತು.

‘ನೀವು ಓದಿದವ್ರು, ನೋಡೇ ಬರದಿರ್ತೀರಿ ಅಂತ ತಿಳಕೊಂಡೆರಿ. ನಮ್ಮವರು ಅಂದ್ರ ಅದರಾಗ ನಾನೂ ಬಂದೆ ಅಲ್ರಿ?’ ಎಂದರು.

ನಾನು ತಪ್ಪಾಯಿತು ಎಂದೆ. ಸವಿತಾ ಈಗ ಬಸುರಿ, ಏಳು ತಿಂಗಳು ಎಂದರು. ಬಾಣಂತನಕ್ಕೆ ದೊಡ್ಡಮ್ಮ ಬರಲಿ ಅಂದಿದ್ದಾಳೆ, ನೋಡಬೇಕು ಎಂದರು. ಆಮೇಲೆ ಅನಘಾಗೆ ಕೊಡಿ ಎಂದರು. ಅವಳು ಫೋನಿಗೆ ಕಿವಿ ಹಚ್ಚಿ, ಯಾ, ಯಾ, ಐ ಡೂ ಎನ್ನುತ್ತಿದ್ದಳು. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯಾ ಎಂದು ಕೇಳುತ್ತಿದ್ದರಂತೆ.

ಕಟಿಂಗನ್ನು ಎಸೆಯಲು ಕಸದ ಬುಟ್ಟಿಯವರೆಗೆ ಹೋಗಿ ವಾಪಸು ಬಂದೆ. ಪೆಟ್ಟಿಗೆಗಳನ್ನೆಲ್ಲ ಕೆದಕಿ ಒಂದು ಕೆಂಪು ಪೆನ್ನು ಹುಡುಕಿದೆ. ನೆಲದ ಮೇಲೆ ಕೂತು, ನನ್ನ ಹಳೆಯ ಅಕ್ಷರದ ಕೆಳಗೆ, ಅಪ್ಪ ಬರೆಯುತ್ತಿದ್ದಂತೆ ದುಂಡಗೆ ಒಂದೇ ಪದ ಬರೆದೆ: ‘ಸುಳ್ಳು’. ಇದೇನು ಬರೆದೆ ಎಂದು ಅನಘಾ ಕೇಳಿದಳು. ಈ ಸಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ಓದಿ ಹೇಳಿದೆ.